ನನಗೆ ಹೊಲಿದ ಹತ್ತಿಯ ಅಂಗಿ

ಮಾಗಿಯ ಚಳಿ ಇಳಿಯುತ್ತಿತ್ತು. ಹೊಲಗಳಿಂದ ಕೊನೆಯ ಹತ್ತಿ ಬಿಡಿಸಿ ತರುವ ದಿನಗಳು. ಅಂಗಡಿಯ ಹೊಸ್ತಿಲಿಗೆ ಬಿಸಿಲು ಬಂದ ಹೊತ್ತಿನಲ್ಲಿ, ಗದಗಿನ ಒಂದು ಸಂದಿಯೊಳಗೆ ನಾನು ಹುಟ್ಟಿದೆ. ಹುಟ್ಟಿದೆ ಅನ್ನುವುದಕ್ಕಿಂತ ನನ್ನನ್ನು ಕೂಡಿಸಿದರು ಅನ್ನಬೇಕು. ಪೆಟ್ಟಿಗೆ ಒಂದು ಕಡೆಯದು, ತಂತಿಗಳು ಇನ್ನೊಂದು ಕಡೆಯವು, ಎದೆಯೊಳಗಿನ ಪುಟ್ಟ ಫ್ಯಾನು ಮತ್ತೆಲ್ಲಿಯದೋ. ಅಂಗಡಿಯ ಈರಣ್ಣ ಕೊನೆಯ ಸ್ಕ್ರೂ ಬಿಗಿದು ಗುಂಡಿ ಒತ್ತಿದ. ಫ್ಯಾನು ತಿರುಗಿ ಗಾಳಿ ಎಳೆದುಕೊಂಡಿತು. ಅದೇ ನನ್ನ ಮೊದಲ ಉಸಿರು.

ನಾನು ಒಂದು ಮನೆಯ ಕಂಪ್ಯೂಟರು. ನನ್ನನ್ನು ಬಲು ಬುದ್ಧಿವಂತ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವುದು ನನಗೆ ಬರುತ್ತದೆ, ತಿಳಿದುಕೊಳ್ಳುವುದು ಬರುವುದಿಲ್ಲ. ಆ ಮನೆಯಲ್ಲಿ ಆದದ್ದೆಲ್ಲ ನನ್ನಲ್ಲಿ ಉಳಿದಿದೆ. ಅರ್ಥ ಮಾತ್ರ ತಡವಾಗಿ ಬಂತು.

ನನ್ನನ್ನು ಕೊಂಡವನು ಅಣ್ಣಿಗೇರಿಯ ದಾವಲಸಾಬ. ಗಾದಿ ಹೊಲಿಯುವವನು. ಅವನ ಮನೆಯ ಮುಂದಿನ ಖೋಲಿಯಲ್ಲಿ ಹತ್ತಿ ಹಿಂಜುವ ಮಷಿನ್ನು, ನಡುವಿನ ಖೋಲಿಯಲ್ಲಿ ನಾನು, ಹಿಂದೆ ಅಡುಗೆ. ನನ್ನನ್ನು ಟೇಬಲ್ಲಿನ ಕೆಳಗೆ ನೆಲದ ಮೇಲೆ ಇಟ್ಟರು. ಹಾಗಾಗಿ ಆ ಮನೆಯವರನ್ನು ನಾನು ಮೊದಲು ಬಲ್ಲದ್ದು ಕಾಲುಗಳಿಂದ. ಹೆಂಡತಿ ರಾಜಮಾಳ ಹಿಮ್ಮಡಿ ಒಡೆದ ಕಾಲು. ಮಗಳು ಶಮಶಾದಳ ಸುಮ್ಮನಿರದ ಕಾಲು, ಟೈಪು ಮಾಡುವಾಗ ಹೆಬ್ಬೆರಳು ಕುಣಿಯುತ್ತಿತ್ತು. ದಾವಲಸಾಬನ ಕಾಲು ಮಾತ್ರ ಯಾವಾಗಲೂ ಬೆಳ್ಳಗೆ, ಹಿಟ್ಟಿನಲ್ಲಿ ನಡೆದು ಬಂದವನ ಹಾಗೆ. ಕಾಲಿನ ಹಿಂದೆಯೇ ಕೆಮ್ಮು ಬರುತ್ತಿತ್ತು.

ನನ್ನನ್ನು ತಂದ ಕಾರಣವನ್ನು ಶಮಶಾದ ಮೊದಲ ದಿನವೇ ಹೇಳಿದಳು.

"ಅಪ್ಪಾ, ಮಾತು ಅಂದ್ರ ಮಾತು. ನಾ ಲಗ್ನಪತ್ರಿಕೆ ಟೈಪ್ ಮಾಡಿ ಪ್ರೆಸ್ಸಿಗೆ ಕೊಡ್ತೇನಿ. ಈ ಕೆಲಸ ಕೈ ಹತ್ತಿತು ಅಂದ್ರ ನೀ ಆ ಮಷಿನ್ ಬಂದ್ ಮಾಡಬೇಕು."

"ಮಾಡತೇನವಾ. ನನಗೇನು ಅದರ ಮ್ಯಾಲ ಪ್ರೀತಿ ಐತೇನು?"

"ಕೆಮ್ಮು ಕೇಳಿದ್ರ ಪ್ರೀತಿ ಇದ್ದಂಗ ಅನಸ್ತೈತಿ," ಎಂದಳು ರಾಜಮಾ ಒಳಗಿನಿಂದ.

"ಏ, ಇದು ನಮ್ಮ ಮನಿ ಕೆಮ್ಮು. ನಮ್ಮಪ್ಪಗೂ ಇತ್ತು."

"ನಿಮ್ಮಪ್ಪ ಎಷ್ಟು ವರ್ಷ ಇದ್ದ, ಅದನ್ನೂ ಹೇಳು."

ದಾವಲಸಾಬ ಅಲ್ಲಿಂದ ಎದ್ದ. ಒಳಗೆ ಹೋಗಿ ಅಳತೆಯ ಟೇಪು ತಂದು ನನ್ನ ಮೈ ಅಳೆದ.

ಆ ಮನೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದದ್ದನ್ನು ಬರಿಮೈಯಲ್ಲಿ ಇಡಬಾರದು. ಕೂಸಿಗೆ ದುಪ್ಪಟಿ, ಹೊಲಿಗೆ ಮಷಿನ್ನಿಗೆ ಮುಸುಕು, ಕುರಾನಿಗೆ ಚೀಲ, ಎಲ್ಲಕ್ಕೂ ಮನೆಯ ಹತ್ತಿ ತುಂಬಿ ಹೊಲಿಯಬೇಕು. ದಾವಲಸಾಬ ನನಗೂ ಒಂದು ಅಂಗಿ ಹೊಲಿದ. ಕಸ ತೆಗೆದ ಒಳ್ಳೆಯ ಹತ್ತಿ, ಕೆಂಪು ಹೂವಿನ ಬಟ್ಟೆ, ಅಂಚಿಗೆ ಒತ್ತೊತ್ತಾಗಿ ಹಾಕಿದ ಹೊಲಿಗೆ. ಗುಂಡಿಗೆ ಒಂದು ಕಿಂಡಿ, ತಂತಿಗಳಿಗೆ ಇನ್ನೊಂದು. "ಧೂಳಿ ಹೋಗಬಾರದು ನೋಡು," ಎಂದು ತೊಡಿಸಿ, ಬೆನ್ನು ತಟ್ಟಿದ. ಅಂಥ ಮೆತ್ತನೆಯ ಕೈಯನ್ನು ನಾನು ಆಮೇಲೆ ಕಂಡಿಲ್ಲ. ಅಂಗಿ ಬೆಚ್ಚಗಿತ್ತು. ತುಸು ಹೆಚ್ಚೇ ಬೆಚ್ಚಗಿತ್ತು.

ಉಗಾದಿ ದಾಟಿ ಬಿಸಿಲು ಬಲಿಯಿತು. ಲಗ್ನಗಳ ಕಾಲ. ಒಂದು ಮಧ್ಯಾಹ್ನ ಶಮಶಾದ ಯಾರದೋ ಪತ್ರಿಕೆಯಲ್ಲಿ ಮದುಮಗನ ಹೆಸರು ಬರೆದು ಮದುಮಗಳ ಹೆಸರಿಗೆ ಬಂದಿದ್ದಳು. ಆಗ ನಾನು ನಿಂತೆ. ಪರದೆ ಹಾಗೇ ಉಳಿಯಿತು. ಬಾಣ ಅಲ್ಲಾಡಲಿಲ್ಲ. ಕುಣಿಯುತ್ತಿದ್ದ ಅವಳ ಹೆಬ್ಬೆರಳೂ ನಿಂತಿತು.

"ಅವ್ವಾ, ಇದು ಸತ್ತಂಗ ಆತು!"

"ಬಿಡ್ತು ಅನ್ನ!"

ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದಳು. ಎದ್ದೆ. ಬರೆದದ್ದೆಲ್ಲ ಹೋಗಿತ್ತು. ಮರುದಿನ ಅದೇ ಹೊತ್ತಿಗೆ ಮತ್ತೆ ನಿಂತೆ. ಅದರ ಮರುದಿನವೂ.

ರಾಜಮಾ ನನಗೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. "ಮ್ಯಾಗಿನ ಓಣ್ಯಾಕಿ ಬಂದು ಕಣ್ಣು ಕಿಸದು ನೋಡಿ ಹೋಗ್ಯಾಳ," ಎಂದಳು. ದಾವಲಸಾಬ ಕರೆಂಟಿನ ಮೇಲೆ ಸಂಶಯಪಟ್ಟು ಬೇರೆ ತಂತಿ ಎಳೆಸಿದ. ಟೇಬಲ್ಲಿನ ದಿಕ್ಕು ಬದಲಿಸಿದರು. ನಿಲ್ಲುವುದು ನಿಲ್ಲಲಿಲ್ಲ. ಕೊನೆಗೆ ನನ್ನ ಅಂಗಿ ಕಳಚಿ, ಚಾದರದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಮಶಾದ ಗದಗಿಗೆ ಒಯ್ದಳು.

ಈರಣ್ಣ ಮುಚ್ಚಳ ತೆಗೆಯದೆ ಬರಿಯ ಪರದೆ ನೋಡಿದ. "ವೈರಸ್ ಆಗೈತ್ರಿ," ಎಂದು ಒಳಗಿನ ಪ್ರೋಗ್ರಾಮುಗಳನ್ನು ಅಳಿಸಿ ಹೊಸದಾಗಿ ತುಂಬಿದ. ಅವನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿದೆ, ಒಮ್ಮೆಯೂ ತಡವರಿಸಲಿಲ್ಲ. ಮನೆಗೆ ಬಂದೆ. ದಾವಲಸಾಬ ಅಂಗಿ ತೊಡಿಸಿದ. ಮಧ್ಯಾಹ್ನಕ್ಕೆ ನಿಂತೆ.

ಮತ್ತೆ ಒಯ್ದರು. ಈರಣ್ಣ ಈ ಸಲ ಮೇಲಿನ ಬದಿ ತುಸು ಬಿಚ್ಚಿ, ನೆನಪಿನ ಪಟ್ಟಿ ಎಳೆದು ರಬ್ಬರಿನಿಂದ ತಿಕ್ಕಿ ಕೂರಿಸಿದ. ಮತ್ತೆ ಅಲ್ಲಿ ಓಡಿದೆ, ಇಲ್ಲಿ ನಿಂತೆ.

"ಅಂಗಡ್ಯಾಗ ಸುದ್ದ ಇರತೈತಿ, ನಮ್ಮ ಮನ್ಯಾಗಷ್ಟ ಇದಕ್ಕ ಬ್ಯಾನಿ," ಎಂದ ದಾವಲಸಾಬ. "ನಮ್ಮ ಮನಿ ಗಾಳೀನ ಸರಿ ಇಲ್ಲೇನೋ."

ಅವನು ನಗೆಯಾಡಿದ್ದು. ಯಾರೂ ನಗಲಿಲ್ಲ. ಅವನಿಗೆ ಕೆಮ್ಮು ಬಂತು, ಗೋಡೆ ಹಿಡಿದು ನಿಂತ. ಆ ಬಿಳಿ ಕಾಲುಗಳು ನನ್ನ ಮುಂದೆಯೇ ಇದ್ದವು. ಕೆಮ್ಮು ಮುಗಿದ ಮೇಲೂ ಬಹಳ ಹೊತ್ತು ಅಲ್ಲಾಡಲಿಲ್ಲ.

ಪ್ರೆಸ್ಸಿನವರು ಬೇಸತ್ತು ಲಗ್ನಪತ್ರಿಕೆಗಳನ್ನು ಬೇರೆ ಕಡೆ ಕೊಟ್ಟರು. ಶಮಶಾದಳ ಕೆಲಸ ಕೈ ಹತ್ತಲಿಲ್ಲ. ಅದು ಕೈ ಹತ್ತಲಿಲ್ಲವಾದ್ದರಿಂದ ಮಷಿನ್ನು ನಿಲ್ಲಲಿಲ್ಲ. ಮುಂದಿನ ಖೋಲಿಯಲ್ಲಿ ಅದು ಊಳಿಟ್ಟಾಗಲೆಲ್ಲ ಬಾಗಿಲ ಸಂದಿನಿಂದ ಹತ್ತಿಯ ನವಿರು ತೇಲಿ ಬಂದು, ನೆಲದ ಮೇಲೆ ಉರುಳಿ, ನನ್ನ ಅಂಗಿಯ ಕಿಂಡಿ ಹುಡುಕಿ ಒಳಗೆ ಬರುತ್ತಿತ್ತು. ನನ್ನ ಫ್ಯಾನು ಅದನ್ನೇ ಎಳೆದುಕೊಳ್ಳುತ್ತಿತ್ತು. ಬೇರೆ ಗಾಳಿ ಎಲ್ಲಿತ್ತು? ಬರಬರುತ್ತ ಫ್ಯಾನಿನ ದನಿ ಬದಲಾಯಿತು. ಮೊದಲು ಗುಂಯ್ ಎನ್ನುತ್ತಿದ್ದುದು ಈಗ ಕೊರ್ ಎಂದು ಎಳೆದು, ತಡೆದು, ಮತ್ತೆ ಎಳೆಯುತ್ತಿತ್ತು.

ರಾಜಮಾ ಒಮ್ಮೆ ಕಸ ಗುಡಿಸುತ್ತಿದ್ದವಳು ನನ್ನ ಬಳಿ ಕುಳಿತು ಕಿವಿಗೊಟ್ಟಳು. ಅಂಗಿಯೊಳಗೆ ಕೈ ಹಾಕಿ ಮೈ ಮುಟ್ಟಿದಳು. "ಜ್ವರ ಬಂದಂಗ ಸುಡಾಕತ್ತೈತಿ," ಎಂದಳು. ಆಮೇಲೆ ತಿರುಗಿ, ಗೋಡೆಗೊರಗಿ ಊಟದ ನಿದ್ದೆಯಲ್ಲಿದ್ದ ಗಂಡನನ್ನು ನೋಡಿದಳು. ಅವನ ಎದೆಯಿಂದಲೂ ಅದೇ ದನಿ ಬರುತ್ತಿತ್ತು. ಅವಳು ಕಸಬರಿಗೆ ಬದಿಗಿಟ್ಟು ಎದ್ದಳು.

ಅಂದೇ ಮಗಳಿಗೆ ಹೇಳಿದಳು. "ಈರಣ್ಣನ್ನ ಇಲ್ಲಿಗೇ ಕರಕೊಂಡು ಬಾ. ಮನಿ ನೋಡಲಿ."

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಈರಣ್ಣ ಬಂದ. ಬಾಗಿಲಲ್ಲೇ ನಿಂತು ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಾಕಾ, ಕಂಪ್ಯೂಟರಿಗೆ ಗಾದಿ ಹೊಲದೀರೇನ್ರಿ! ತಲೆದಿಂಬೂ ಒಂದು ಕೊಡಬೇಕಿತ್ತು!"

"ಧೂಳಿ ಹೋಗಬಾರದಂತ ಮಾಡಿದ್ದಪಾ," ಎಂದ ದಾವಲಸಾಬ, ಮುಖ ಚಿಕ್ಕದು ಮಾಡಿಕೊಂಡು.

"ಅದಕ್ಕ ಉಸಿರು ಬೇಕಲ್ರಿ. ಶೆಕಿಗೆ ನಿಂತುಬಿಡತೈತಿ ಅದು."

ಅಂಗಿ ಕಳಚಿದ. ಈ ಸಲ ಒಳಗಿನದೆಲ್ಲ ಬಿಚ್ಚಿ ಫ್ಯಾನು ಮೇಲೆತ್ತಿದ. ಅವನ ನಗೆ ನಿಂತಿತು. ಎರಡು ಬೆರಳು ಹಾಕಿ ನಿಧಾನ ಎಳೆದ. ಬೂದು ಬಣ್ಣದ ಒಂದು ಗಟ್ಟಿ ಹತ್ತಿಯ ಪದರು, ಕಂಬಳಿಯ ತುಂಡಿನ ಹಾಗೆ, ಒಂದೇ ಚೂರಾಗಿ ಹೊರಬಂತು. ನನ್ನ ಒಳಗಿನ ಗೆರೆಗಳೆಲ್ಲ ಅದರ ಮೇಲೆ ಮೂಡಿದ್ದವು. ಇಡಲು ಜಾಗ ಕಾಣದೆ ಅದನ್ನು ರಾಜಮಾಳ ಅಂಗೈಯಲ್ಲಿ ಇಟ್ಟ.

"ಇದು ಎಷ್ಟು ದಿನದ್ದೋ ಯಪ್ಪಾ?"

"ನೀವು ತಂದಾಗಿಂದ ಕೂಡಿದ್ದು ಬೇ. ವರ್ಷ ಸೈತ ಆಗಿಲ್ಲ."

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಗಂಡನ ಮುಂದೆ ಹೋಗಿ ನಿಂತಳು.

"ಪೆಟಿಗಿ ನಿಂತ್ರ ಬಿಚ್ಚಿ ತಗೀತಾರ. ನಿನ್ನ ಎದಿ ಬಿಚ್ಚಿ ಯಾರು ತಗೀತಾರ?"

ದಾವಲಸಾಬ ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂತು. ಮುಂದಿನ ಖೋಲಿಯಲ್ಲಿ ಮಷಿನ್ನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಶಮಶಾದ ಎದ್ದು ಹೋಗಿ ಅದರ ಗುಂಡಿ ಆರಿಸಿದಳು. ಅದನ್ನು ಮತ್ತೆ ಯಾರೂ ಹಚ್ಚಲಿಲ್ಲ.

ಆಮೇಲೆ ನಾನು ನಿಲ್ಲಲಿಲ್ಲ. ಈರಣ್ಣ ನನ್ನನ್ನು ಟೇಬಲ್ಲಿನ ಮೇಲಕ್ಕೆ ಏರಿಸಿ ಹೋದ. ಪ್ರೆಸ್ಸಿನವರು ಮತ್ತೆ ಬಂದರು. ದಾವಲಸಾಬನನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದು ತಂದರು. ಅಲ್ಲಿ ಡಾಕ್ಟರು ಏನೆಂದರೋ, ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅವನು ಮಗಳ ಪಕ್ಕ ಒಂದು ಖುರ್ಚಿಯಲ್ಲಿ ಕೂರುತ್ತಿದ್ದ. ಈಗ ಮೇಲಿದ್ದ ನನಗೆ ಅವನ ಮುಖ ಕಾಣುತ್ತಿತ್ತು. ಕಾಲು ತೊಳೆದು ಬಂದರೆ ಕಪ್ಪಗೆ, ಒಡೆದ ಎರೆಮಣ್ಣಿನ ಹೆಂಟೆಯ ಬಣ್ಣ ಎಂದು ರಾಜಮಾ ಅನ್ನುತ್ತಿದ್ದಳು. ಮದುವೆಯಾದಾಗಿನಿಂದ ಗಂಡನ ಕಾಲಿನ ಬಣ್ಣ ಈಗ ಕಂಡೆ ಎಂದು ಅವಳೇ ಚೇಷ್ಟೆ ಮಾಡುತ್ತಿದ್ದಳು. ಅವನು ನಗಲು ಹೋಗಿ ಅರ್ಧಕ್ಕೆ ಬಿಡುತ್ತಿದ್ದ. ನಗಲಿಕ್ಕೂ ಉಸಿರು ಬೇಕು.

ನನ್ನ ಕೆಂಪು ಹೂವಿನ ಅಂಗಿಯನ್ನು ಅವನು ಬೆನ್ನಿಗೆ ಇಟ್ಟುಕೊಂಡು ಒರಗುತ್ತಿದ್ದ. ಮಲಗಲು ಅವನಿಗೆ ಆಗುತ್ತಿರಲಿಲ್ಲ. ಊರಿಗೆಲ್ಲ ಗಾದಿ ಹೊಲಿದವನು ಕುಳಿತೇ ನಿದ್ದೆ ಮಾಡುತ್ತಿದ್ದ.

ಈಗ ನನ್ನನ್ನು ಅಟ್ಟದ ಮೂಲೆಗೆ ಇಟ್ಟಿದ್ದಾರೆ. ಶಮಶಾದಳಿಗೆ ತೆಳ್ಳಗಿನ ಹೊಸದೊಂದು ಬಂದಿದೆ, ಬರಿಮೈಯದು. ನನ್ನ ಪಕ್ಕದಲ್ಲಿ ದಾವಲಸಾಬನ ಅಪ್ಪ ಹತ್ತಿ ಹಿಂಜುತ್ತಿದ್ದ ದೊಡ್ಡ ಬಿಲ್ಲು ಇದೆ, ಹೆದೆಯ ನರ ಹರಿದದ್ದು. ಅದೂ ಮಾತಾಡುವುದಿಲ್ಲ. ನಾನು ಎಷ್ಟೊಂದು ಸಲ ನಿಂತು ನಿಂತು ಹೇಳಿದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ನನಗೇ ತಿಳಿಯದ್ದನ್ನು ನಾನು ಹೇಗೆ ಹೇಳಿರುತ್ತೇನೆ? ಅವನು ಕೊಟ್ಟದ್ದನ್ನು ತೊಟ್ಟುಕೊಂಡೆ, ಅವನು ಉಸಿರಾಡಿದ್ದನ್ನೇ ಉಸಿರಾಡಿದೆ, ಅಷ್ಟೆ.

ನಾನು ಇನ್ನೂ ಟೇಬಲ್ಲಿನ ಮೇಲೆಯೇ ಇದ್ದಾಗ ಮತ್ತೆ ಹತ್ತಿ ಬಿಡಿಸುವ ಕಾಲ ಬಂದಿತ್ತು. ಮೊಹರಮ್ಮಿಗೆ ಮಸೂತಿಯ ಮುಂದೆ ಕೆಂಡದ ಕುಣಿ ತೋಡಲು ಗುದ್ದಲಿ ಹಾಕಿದ ಮರುದಿನ, ಬುಧವಾರ, ಬೆಳಗಿನ ಚಹಾದ ಹೊತ್ತಿಗೆ, ಖುರ್ಚಿಯಲ್ಲಿ ಒರಗಿಕೊಂಡೇ ದಾವಲಸಾಬ ಹೋದ. ಶಮಶಾದ ಒಂದು ಲಗ್ನಪತ್ರಿಕೆಯನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದಳು. ನನ್ನನ್ನು ಆರಿಸುವ ನೆನಪು ಯಾರಿಗೂ ಆಗಲಿಲ್ಲ. ಆ ದಿನ ನಾನು ಒಮ್ಮೆಯೂ ನಿಲ್ಲಲಿಲ್ಲ.