ಮುಲಾಮಿಗೆ ಸಿಕ್ಕ ಹೆಸರು

ಟ್ರೇಡ್‌ಮಾರ್ಕ್ ಕಚೇರಿಯ ವಿಚಾರಣೆ ಮರುದಿನ ಬೆಳಿಗ್ಗೆ ಇತ್ತು. ವಕೀಲೆ ಮಾತ್ರ ಆಗಲೇ ಗೆದ್ದವಳ ಹಾಗೆ, ಕುರ್ಚಿಯಲ್ಲಿ ಕೂರಲಾರದೆ ಆಫೀಸಿನ ತುಂಬ ಓಡಾಡುತ್ತಿದ್ದಳು.

"ನೋಡಿ ಮೇಡಂ, ಕಚೇರಿಯವರ ಆಕ್ಷೇಪಣೆ ಇಷ್ಟೇ. ಒರಾಮಿಲ್ ಅಂತ ಒಂದು ಮಾತ್ರೆ ಈಗಾಗಲೇ ರಿಜಿಸ್ಟರ್ ಆಗಿದೆ, ನಿಮ್ಮ ಹೊರಾಮಿಲ್ ಅದಕ್ಕೆ ತೀರಾ ಹತ್ತಿರ ಅಂತ. ಅದು ನುಂಗೋ ಮಾತ್ರೆ, ನಮ್ಮದು ಹಚ್ಚೋ ಮುಲಾಮು. ಡಬ್ಬಿ ಬೇರೆ, ಬಣ್ಣ ಬೇರೆ, ಮೊದಲನೇ ಅಕ್ಷರಾನೇ ಬೇರೆ! ನಾಳೆ ನಾನು ಬಾಯಿ ಬಿಟ್ಟರೆ ಸಾಕು, ಮುಗೀತು."

ಮುಲಾಮನ್ನು ತಯಾರಿಸಿದವಳು ಒಬ್ಬ ಕೆಮಿಸ್ಟ್. ದೊಡ್ಡ ಔಷಧ ಕಂಪನಿಯ ಲ್ಯಾಬಿನ ಕೆಲಸ ಬಿಟ್ಟು ಬಂದು, ಗ್ಯಾರೇಜುಗಳ ಬೀದಿಯಲ್ಲಿ ಎರಡಂತಸ್ತಿನ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಕೆಳಗೆ ಮಿಕ್ಸರ್ ಮತ್ತು ಪ್ಯಾಕಿಂಗ್, ಮೇಲೆ ಆಫೀಸು. ಹಾಸಿಗೆ ಹಿಡಿದ ರೋಗಿಗಳ ಬೆನ್ನಿನ, ಹಿಮ್ಮಡಿಯ ಚರ್ಮ ಒಡೆದು ಹುಣ್ಣಾಗದಂತೆ ಕಾಯುವ ಮುಲಾಮು ಅದು. ಮಾರಾಟ ನೋಡಿಕೊಳ್ಳುವವನು ಅವಳ ತಮ್ಮ. ಹೆಸರು ಕಟ್ಟಿದವನೂ ಅವನೇ. ಹೊರಗೆ ಹಚ್ಚುವುದರಿಂದ 'ಹೊರ'. ಮಿಕ್ಕದ್ದು ಕೇಳಲು ಔಷಧಿಯ ಹಾಗಿರಲಿ ಎಂದು ಸೇರಿಸಿದ್ದು. ಆ ಹೆಸರು ಹೊಳೆದ ದಿನ ಅವನು ಅಕ್ಕನನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಿದ್ದ. ಊರಿನ ದೊಡ್ಡ ಆಸ್ಪತ್ರೆಯವರು ಮಾದರಿ ಟ್ಯೂಬುಗಳನ್ನು ಬಳಸಿ ನೋಡಿ ಮೆಚ್ಚಿದ್ದರು. ಹೆಸರಿನ ತಕರಾರು ಬಗೆಹರಿಸಿಕೊಂಡು ಬನ್ನಿ, ಎಲ್ಲ ವಾರ್ಡುಗಳಿಗೂ ತಗೊಳ್ತೀವಿ ಎಂದಿದ್ದರು ಅಲ್ಲಿಯ ನರ್ಸುಗಳ ಮುಖ್ಯಸ್ಥೆ ಮೇಟ್ರನ್.

"ಬರೀ ಮಾತು ಯಾಕೆ, ಪುರಾವೆಯನ್ನೇ ಇಡೋಣ," ಎಂದ ತಮ್ಮ. "ಔಷಧಿ ಅಂಗಡಿಗಳಿಗೆ ಫೋನ್ ಮಾಡಿ ಹೊರಾಮಿಲ್ ಇದೆಯಾ ಅಂತ ಕೇಳ್ತೀನಿ. ನಮ್ಮದು ಇನ್ನೂ ಅಂಗಡಿಗೇ ಹೋಗಿಲ್ಲ. ಎಲ್ಲರೂ ಇಲ್ಲ ಅಂತಾರೆ. ಒರಾಮಿಲ್ ಜೊತೆ ಯಾರಿಗೂ ಗೊಂದಲ ಆಗಲ್ಲ ಅಂತ ಗೊತ್ತಾಗುತ್ತಲ್ಲ?"

ವಕೀಲೆಗೆ ಈ ಯೋಚನೆ ಬಹಳ ಹಿಡಿಸಿತು. ಫೋನನ್ನು ಮೇಜಿನ ನಡುವೆ ಇಟ್ಟು, ಸ್ಪೀಕರ್ ಹಾಕಿ, ಮೂವರೂ ಸುತ್ತ ಬಗ್ಗಿ ಕೂತರು.

"ಹೊರಾಮಿಲ್ಲಾ? ಕೇಳೇ ಇಲ್ಲವಲ್ಲ," ಎಂದಿತು ಮೊದಲ ಅಂಗಡಿ. ತಮ್ಮ ಮುಷ್ಟಿ ಎತ್ತಿದ. ಇನ್ನೊಬ್ಬ "ಅಂಥದ್ದು ಯಾವುದೂ ಇಲ್ಲ" ಎಂದು ಫೋನ್ ಕುಕ್ಕಿದ. ವಕೀಲೆ ಚಪ್ಪಾಳೆ ತಟ್ಟಿದಳು. ತಮ್ಮದೇ ಸರಕು ಇಲ್ಲ ಎನ್ನಿಸಿಕೊಂಡು ಕುಣಿದಾಡುವ ವ್ಯಾಪಾರಸ್ಥರು ಇವರೊಬ್ಬರೇ ಇರಬೇಕು. ಪ್ರತಿ 'ಇಲ್ಲ'ಕ್ಕೂ ಉತ್ಸಾಹ ಏರುತ್ತ ಹೋಯಿತು. ಕೆಮಿಸ್ಟ್ ಕೂಡ "ಕೊಡೋ ಇಲ್ಲಿ, ನಾನೂ ಒಂದು ಮಾಡ್ತೀನಿ" ಎಂದು ಫೋನ್ ಕಿತ್ತುಕೊಂಡಳು.

"ಹೊರಾಮಿಲ್ ಇದೆಯಾ?"

ಆ ಕಡೆ ಗಿರಾಕಿಗಳ ಗದ್ದಲ. ಅಂಗಡಿಯವನ ದನಿ ಚುರುಕಾಗಿತ್ತು. "ಇದೆ ಮೇಡಂ. ಐದು ಎಂಜಿನಾ, ಹತ್ತು ಎಂಜಿನಾ?"

ವಕೀಲೆಯೂ ತಮ್ಮನೂ ಫೋನಿನತ್ತ ಇನ್ನಷ್ಟು ಬಗ್ಗಿದರು. ಎಂಜಿ ಲೆಕ್ಕ ಮಾತ್ರೆಗೆ, ಮುಲಾಮಿಗೆ ಎಲ್ಲಿಂದ ಬರಬೇಕು?

"ಯಾವುದು... ಏನಕ್ಕೆ ಅದು?"

"ರಕ್ತ ತೆಳು ಮಾಡೋ ಮಾತ್ರೆ ಅಲ್ವಾ ನೀವು ಕೇಳಿದ್ದು? ಮನೆಗೆ ಕಳಿಸ್ಲಾ?"

ಅವಳು ಬೇಡವೆಂದು ಫೋನ್ ಇಟ್ಟಳು. ಅಂಗಡಿಯವನನ್ನೇ ಬೈದ ತಮ್ಮ. "ಕಿವಿ ಮಂದ ಇರಬೇಕು. ಇನ್ನೊಂದು ಮಾಡು." ಇನ್ನೊಂದು ಅಂಗಡಿ ಇಲ್ಲ ಎಂದಿತು. ಅದರ ಮುಂದಿನದು ಮತ್ತೆ, "ಇದೆ, ಎಷ್ಟು ಶೀಟ್ ಬೇಕು?"

"ಇಷ್ಟು ಜನರಲ್ಲಿ ಇಬ್ಬರು ತಾನೆ ಮೇಡಂ?" ಎಂದಳು ವಕೀಲೆ. ಆದರೆ ಅವಳ ಓಡಾಟ ನಿಂತಿತ್ತು. "ಅದನ್ನ ನಾವು ನಾಳೆ ಹೇಳಬೇಕಾಗಿಲ್ಲ. ಕೇಸು ಗಟ್ಟಿ ಇದೆ."

ಕೆಮಿಸ್ಟ್ ಕಿಟಕಿಯ ಬಳಿ ಹೋಗಿ ನಿಂತಳು. ಯಾರದೋ ಮಗಳು ಗದ್ದಲದ ಬೀದಿಯಿಂದ ಅಂಗಡಿಗೆ ಫೋನ್ ಮಾಡುತ್ತಾಳೆ, ಹಾಸಿಗೆ ಹಿಡಿದ ಅಪ್ಪನಿಗೆ ಮುಲಾಮು ಬೇಕೆಂದು. ಮನೆ ಬಾಗಿಲಿಗೆ ಮಾತ್ರೆ ಬರುತ್ತದೆ. ಹೆಸರು ಹೆಚ್ಚುಕಡಿಮೆ ಅದೇ, ನುಂಗಿಸಿಬಿಡುತ್ತಾಳೆ. ಆಮೇಲೆ ರಕ್ತಸ್ರಾವ ಶುರುವಾದರೆ ನಿಲ್ಲಿಸುವವರು ಯಾರು?

"ಈ ಹೆಸರು ನನಗೆ ಬೇಡ," ಎಂದಳು.

"ಅಕ್ಕಾ! ಡಬ್ಬಿ ಪ್ರಿಂಟಾಗಿ ಬಂದು ಕೂತಿದೆ!"

"ಕೂತಿರಲಿ. ಮಡಚೇ ಇಲ್ಲವಲ್ಲ, ರದ್ದಿಗೆ ಹಾಕೋಕೆ ಸಲೀಸು."

ತಮ್ಮ ದಡದಡ ಮೆಟ್ಟಿಲಿಳಿದು ಹೋದ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದಲೇ ಕೂಗಿದ. "ಇನ್ನೂ ಮೂರು ಅಂಗಡಿಗೆ ಮಾಡಿದೆ ಕಣೇ. ಅದರಲ್ಲೂ ಒಬ್ಬ ಇದೆ ಅಂದ. ನೀನು ಹೇಳಿದ್ದು ಸರಿ."

ಮರುದಿನ ವಿಚಾರಣೆ ಕಂಪ್ಯೂಟರಿನ ಪರದೆಯ ಮೇಲೆ ನಡೆಯಿತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಅಧಿಕಾರಿ ಕಡತ ತಿರುವಿಹಾಕಿ ತಾವೇ ಮಾತಿಗೆ ಶುರುಮಾಡಿದರು. "ನಿಮ್ಮ ಉತ್ತರ ಓದಿದೆ. ವಾದ ಚೆನ್ನಾಗಿದೆ. ಒಂದು ಮಾತ್ರೆ, ಒಂದು ಮುಲಾಮು. ಒಪ್ಪಬಹುದು ಅಂತ ನನಗೆ ಅನ್ನಿಸ್ತಿದೆ."

ವಕೀಲೆ ಮೇಜಿನ ಕೆಳಗೆ ಕೆಮಿಸ್ಟಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು. ಕೈಗೆ ಬಂದ ತುತ್ತು! ಹೂಂ ಎಂದರೆ ಹೆಸರು ಇವರದು, ಆಸ್ಪತ್ರೆಯ ಆರ್ಡರೂ ಇವರದು. ಕೆಮಿಸ್ಟ್ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಸರ್, ನಾವು ಈ ಅರ್ಜಿ ವಾಪಸ್ ತಗೊಳ್ತೀವಿ," ಎಂದಳು. "ಫೋನಿನಲ್ಲಿ ಕೇಳಿ ನೋಡಿದ್ವಿ. ಮುಲಾಮು ಕೇಳಿದರೆ ಮಾತ್ರೆ ಕೊಡ್ತಾರೆ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಸರ್ವೀಸಿನಲ್ಲೇ ಗೆಲ್ಲೋ ಕೇಸು ಬಿಟ್ಟು ಎದ್ದವರನ್ನ ನೋಡಿರಲಿಲ್ಲಮ್ಮ. ಬೇಗ ಹೊಸ ಹೆಸರು ತನ್ನಿ."

ಪರದೆ ಆರಿತು. ವಕೀಲೆ ಮುಖ ಊದಿಸಿಕೊಂಡು ಬ್ಯಾಗಿಗೆ ಕಾಗದ ತುರುಕಿದಳು. ಬಾಗಿಲವರೆಗೆ ಹೋದವಳು ಅಲ್ಲಿಂದಲೇ ತಿರುಗಿ, "ಭಾನುವಾರ ಮನೇಲಿ ಇರ್ತೀರಾ? ಬರ್ತೀನಿ. ನನ್ನ ಹತ್ರಾನೂ ಒಂದಷ್ಟು ಹೆಸರಿದೆ," ಎಂದಳು.

ಭಾನುವಾರ ಮನೆ ಸಂತೆಯಾಯಿತು. ಅಕ್ಕ-ತಮ್ಮನ ಜೊತೆ ಇರುವವರು ಅವರ ಸೋದರತ್ತೆ. ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಈಗ ಕಿವಿ ಅಷ್ಟಕ್ಕಷ್ಟೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ಊರಿನ ಜಗಳವೆಲ್ಲ ಕೇಳಿಸುತ್ತೆ ಎಂದು ಅದನ್ನು ಪೆಟ್ಟಿಗೆಗೆ ಸೇರಿಸಿದ್ದರು. ಅತ್ತೆಯ ಕಿವಿಗಿಂತ ಕಠಿಣ ಪರೀಕ್ಷೆ ಯಾವ ಕಚೇರಿಯಲ್ಲೂ ಇಲ್ಲವೆಂದು ತಮ್ಮ ತೀರ್ಮಾನಿಸಿದ. ಅತ್ತೆ ಅಡುಗೆಮನೆಯಲ್ಲಿ ನೀರು ಬಿಟ್ಟುಕೊಂಡು ಪಾತ್ರೆ ತೊಳೆಯಬೇಕು, ಇವರು ಹಜಾರದಿಂದ ಹೆಸರು ಕೂಗಬೇಕು, ಕೇಳಿಸಿದ್ದನ್ನು ಅವರು ತಿರುಗಿ ಹೇಳಬೇಕು.

"ಮೃದುವಿನ್!" ಎಂದು ಕೂಗಿದಳು ವಕೀಲೆ.

"ಮದುವೇನಾ? ಯಾರದ್ದೇ?"

"ಸುಕೋಮಾ!" ಎಂದ ತಮ್ಮ.

"ಕೋಮಾ? ಅಯ್ಯೋ, ಯಾರಿಗಾಯ್ತೋ!" ಅತ್ತೆ ಕೈಯಲ್ಲಿ ಸೋಪು ಸಮೇತ ಹೊರಗೆ ಓಡಿಬಂದರು. ಸಮಾಧಾನ ಮಾಡಿ ಒಳಗೆ ಕಳಿಸುವಷ್ಟರಲ್ಲಿ ಮೂವರಿಗೂ ನಕ್ಕು ನಕ್ಕು ಸಾಕಾಗಿತ್ತು.

"ಗಾಯಮಾಯ?" ಎಂದಳು ಕೆಮಿಸ್ಟ್.

ಇದನ್ನು ವಕೀಲೆಯೇ ತಳ್ಳಿಹಾಕಿದಳು. "ಔಷಧಿಯ ಗುಣಾನೇ ಹೆಸರಾದರೆ ಒಬ್ಬರಿಗೇ ಬರೆದುಕೊಡಲ್ಲ ಮೇಡಂ. ಅದು ಎಲ್ಲರ ಸೊತ್ತು."

ಪಾತ್ರೆ ಮುಗಿದವು. ತೊಳೆದದ್ದನ್ನೇ ಮತ್ತೆ ತೊಳೆಯುವುದಿಲ್ಲವೆಂದು ಅತ್ತೆ ಮುಷ್ಕರ ಹೂಡಿ, ನಲ್ಲಿಯನ್ನು ಹಾಗೇ ಬಿಟ್ಟು ತರಕಾರಿಗೆ ಕೂತರು. ಹೆಸರುಗಳು ಒಂದೊಂದಾಗಿ ಬಿದ್ದುಹೋದವು. ತಮ್ಮ ಸೋಫಾದ ಮೇಲೆ ಉದ್ದಕ್ಕೆ ಬಿದ್ದುಕೊಂಡು ನಿಟ್ಟುಸಿರಿಟ್ಟ.

"ಆಯ್ತು ಬಿಡಿ. ಇನ್ನು ನಮಗೆ ನಾವೇ ಕಚಗುಳಿ ಇಟ್ಟುಕೊಂಡು ನಗಬೇಕು, ಅಷ್ಟೆ."

ನಲ್ಲಿಯ ಸದ್ದಿನ ಆಚೆಯಿಂದ ಅತ್ತೆಯ ದನಿ ಬಂತು. "ಕಚಗುಳಿ? ಯಾರಿಗೋ?"

ಕೆಮಿಸ್ಟ್ ನೆಟ್ಟಗಾದಳು. ತಮ್ಮ ಕೂಗಿಯೂ ಇರಲಿಲ್ಲ, ಗೊಣಗಿದ್ದ.

"ಅತ್ತೇ, ಈಗ ಏನಂತ ಕೇಳಿಸ್ತು?"

"ಕಚಗುಳಿ ಅಂದ ಹಾಗಾಯ್ತಪ್ಪ. ಅಲ್ವಾ?"

ಕೆಮಿಸ್ಟ್ ಬಾಗಿಲಾಚೆ ಹೋಗಿ ಪಿಸುಗುಟ್ಟುವಷ್ಟೇ ಮೆಲ್ಲಗೆ ಹೇಳಿದಳು. ಕೇಳಿಸಿತು. ವಕೀಲೆ ಮೂಗು ಹಿಡಿದುಕೊಂಡು ಹೇಳಿದಳು. ಅದೂ ಕೇಳಿಸಿತು. ತಮ್ಮ ಬೀದಿಗೇ ಓಡಿ, ಅಲ್ಲಿಂದ ಫೋನಿನಲ್ಲಿ ಹೇಳಿದ. "ಕಚಗುಳಿ ಕಚಗುಳಿ ಅಂತ ಯಾಕೋ ಪ್ರಾಣ ತಿಂತೀಯ?" ಎಂದು ಅತ್ತೆ ರೇಗಿದರು.

ವಕೀಲೆ ಆಗಲೇ ಲ್ಯಾಪ್‌ಟಾಪ್ ತೆಗೆದು ರಿಜಿಸ್ಟರಿನಲ್ಲಿ ಹುಡುಕುತ್ತಿದ್ದಳು. ಔಷಧಿಗಳ ವರ್ಗದಲ್ಲಿ ಆ ಹೆಸರಿನದಿರಲಿ, ಅದರ ನೆರಳಿನದೂ ಇರಲಿಲ್ಲ. ಅವಳ ಕೆನ್ನೆ ಕೆಂಪೇರಿತು. "ಒಂದೇ ಪ್ರಶ್ನೆ ಮೇಡಂ. ಮುಲಾಮು ನಿಜವಾಗಿ ಕಚಗುಳಿ ಇಡಲ್ಲ ತಾನೆ? ಇಟ್ಟರೆ ಅದೂ ಗುಣ ಅಂದುಬಿಡ್ತಾರೆ."

"ಇಟ್ಟರೆ ನನ್ನ ಫಾರ್ಮುಲಾ ಹಾಳಾಗಿದೆ ಅಂತ ಅರ್ಥ!"

ಸಂಜೆಯೊಳಗೆ ಅರ್ಜಿ ಹೋಯಿತು. ಮರುದಿನ ಅಂಗಡಿಗಳಿಗೆ ಫೋನ್ ಮಾಡಿದಾಗ, ಒಬ್ಬನೂ ಎಂಜಿ ಕೇಳಲಿಲ್ಲ. ಒಬ್ಬಾತ ಮಾತ್ರ, "ಬೆಳಿಗ್ಗೆ ಬೆಳಿಗ್ಗೆ ತಮಾಷೇನಾ?" ಎಂದ.

ಮೇಟ್ರನ್ ಎದುರು ಕೆಮಿಸ್ಟ್ ಹೊಸ ಹೆಸರನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಇಸ್ತ್ರಿ ಮುರಿಯದ ಸಮವಸ್ತ್ರದ, ನಗದೇ ಇರುವುದಕ್ಕೆ ಹೆಸರಾದ ಹೆಂಗಸು ಅವರು. ಹಳೆಯ ಹೆಸರನ್ನು ಯಾಕೆ ಬಿಟ್ಟಿರೆಂದು ಮಾತ್ರ ಕೇಳಿದರು. ಅವಳು ಫೋನಿನ ಕತೆ ಹೇಳಿದಳು. ಮೇಟ್ರನ್ ಪೆನ್ನು ಕೆಳಗಿಟ್ಟರು.

"ನನ್ನ ವಾರ್ಡಿನಲ್ಲಿ ಒರಾಮಿಲ್ ಕೂಡ ಇದೆ. ಎರಡೂ ಒಂದೇ ಟ್ರಾಲಿಯಲ್ಲಿ ಇರ್ತಿದ್ವು." ಪೆನ್ನನ್ನು ಮತ್ತೆ ಎತ್ತಿಕೊಂಡು, "ಕಚಗುಳಿ ಅಂತ ನಾನು ರೌಂಡ್ಸಿನಲ್ಲಿ ಹೇಗೆ ಹೇಳಲಿ?" ಎಂದರು. ಹೇಳುತ್ತಿದ್ದ ಹಾಗೆ ಅವರ ತುಟಿ ಅರಳಿಯೇಬಿಟ್ಟಿತು. "ಪರವಾಗಿಲ್ಲ, ಅಭ್ಯಾಸ ಆಗುತ್ತೆ. ರಿಜಿಸ್ಟರ್ ಆದ ದಿನ ತಿಳಿಸಿ."

ಪರೀಕ್ಷೆಯಲ್ಲಿ ಹೆಸರು ಪಾಸಾಯಿತು, ಕಚೇರಿಯ ಪತ್ರಿಕೆಯಲ್ಲಿ ಪ್ರಕಟವೂ ಆಯಿತು. ವಿರೋಧ ಇರುವವರು ಬಂದು ಹೇಳಲೆಂದು ಕೊಡುವ ಕೆಲವು ತಿಂಗಳ ಗಡುವು ಮಾತ್ರ ಇವರಿಗೆ ವರ್ಷದಷ್ಟಾಯಿತು. ತಮ್ಮ ದಿನಕ್ಕೊಮ್ಮೆ ವಕೀಲೆಗೆ ಫೋನ್ ಮಾಡುತ್ತಿದ್ದ. ಬರಬರುತ್ತ ಹೆಸರಿನ ವಿಷಯ ಎರಡು ಮಾತಿಗೆ ಮುಗಿದು, ಫೋನ್ ಮಾತ್ರ ಅರ್ಧ ಗಂಟೆ ನಡೆಯುವುದನ್ನು ಅಕ್ಕ ಗಮನಿಸಿದ್ದಳು.

ಸುದ್ದಿ ಬಂದಾಗ ಅವಳು ಕೆಳಗೆ ಮಿಕ್ಸರಿನ ಮುಂದಿದ್ದಳು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಬಿಸಿ ಎಣ್ಣೆಗೆ ನೀರು ಬೆರೆತು ಮುಲಾಮು ಕೂಡಿಕೊಳ್ಳುವ ಹೊತ್ತು ಅದು. ಕಣ್ಣು ತಪ್ಪಿದರೆ ಪಾತ್ರೆಯಲ್ಲಿದ್ದದ್ದೆಲ್ಲ ಎಣ್ಣೆ ಬೇರೆ, ನೀರು ಬೇರೆಯಾಗಿ ಒಡೆದು ಹೋಗುತ್ತದೆ. ಗಾಜಿನ ಬಾಗಿಲಾಚೆ ತಮ್ಮನೂ ವಕೀಲೆಯೂ ಕುಣಿಯುತ್ತಿದ್ದರು. ವಕೀಲೆ ಫೋನಿನಲ್ಲಿದ್ದ ಪ್ರಮಾಣಪತ್ರವನ್ನು ಗಾಜಿಗೆ ಒತ್ತಿ ಹಿಡಿದಳು. ಇಷ್ಟು ದೂರದಿಂದ ಕಂಡದ್ದು ಒಂದು ಬಿಳಿ ಚೌಕ ಅಷ್ಟೆ. ಆದರೂ ಅರ್ಥವಾಯಿತು.

ಅವಳಿಗೆ ಕಿರುಚಬೇಕೆನಿಸಿತು. ಓಡಬೇಕೆನಿಸಿತು. ಥರ್ಮಾಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತ, ನಿಂತಲ್ಲೇ ಬಲಗಾಲು ಎಡಗಾಲು ಬದಲಿಸುತ್ತ, ಮಾಸ್ಕಿನೊಳಗೆ ಒಬ್ಬಳೇ ನಕ್ಕಳು. ಮುಲಾಮು ಬೆಣ್ಣೆಯಂತೆ ಕೂಡಿಬಂತು. ಮಿಕ್ಸರ್ ನಿಲ್ಲಿಸಿ, ಮುಚ್ಚಳ ಹಾಕಿ, ಗ್ಲೌಸು ಕಿತ್ತೆಸೆದು ಹೊರಗೆ ನುಗ್ಗಿದವಳು ಎದುರಿನ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಇನ್ನೇನು ಡಿಕ್ಕಿ ಹೊಡೆಯುವವಳಿದ್ದಳು.

"ಏನಾಯ್ತಕ್ಕಾ? ಬೆಂಕಿಗಿಂಕಿ ಬಿತ್ತಾ?"

"ಇಲ್ಲಪ್ಪಾ, ಕಚಗುಳಿ! ಕಚಗುಳಿ ನಮ್ಮದಾಯ್ತು!"

ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ.