ನಾನೇ ಕಣೇ, ನಿಮ್ಮಣ್ಣ

ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರಣ್ಣನಿಗೆ ಹೆಂಡತಿ ತೀರಿಕೊಂಡ ಮೇಲೆ ಮಾತು ಬೇಕಾಗುತ್ತಲೇ ಇರಲಿಲ್ಲ. ಗಿರಾಕಿ ಬಂದರೆ ತಲೆ ಆಡಿಸಿದರಾಯಿತು. ಅಂಟಿಗೂ ಸೂಜಿದಾರಕ್ಕೂ ಏನು ಮಾತು? ಸಂಜೆಯಾದರೆ ಅವನಿದ್ದಾನೆ, ಅವನ ಬೀಡಿಯಿದೆ.

ಅಪರೂಪಕ್ಕೆ ತಂಗಿಯ ಫೋನು ಬಂತು. ಎತ್ತಿಕೊಂಡು ಹಲೋ ಎಂದ.

"ಹಲೋ, ಯಾರು ಮಾತಾಡ್ತಿರೋದು? ನಮ್ಮಣ್ಣಂಗೆ ಫೋನ್ ಕೊಡಿ."

"ನಾನೇ ಕಣೇ, ನಿಮ್ಮಣ್ಣ."

"ತಮಾಷೆ ಬೇಡ. ಅವರ ಫೋನು ನಿಮ್ಮ ಕೈಗೆ ಹೇಗೆ ಬಂತು?"

ಅವನಿಗೆ ಮೊದಲು ನಗು ಬಂತು. ಆಮೇಲೆ ಹೊಳೆಯಿತು, ಒಡಹುಟ್ಟಿದವಳಿಗೇ ತನ್ನ ದನಿ ಗುರುತು ಸಿಗಲಿಲ್ಲವಲ್ಲ.

"ಗುಬ್ಬಿ," ಎಂದ. ಅವಳನ್ನು ಹಾಗೆ ಕರೆಯುವವನು ಜಗತ್ತಿನಲ್ಲಿ ಅವನೊಬ್ಬನೇ.

"ಅಣ್ಣ, ನೀನೇನಾ? ದನಿ ಯಾಕೆ ಹೀಗೆ ಒಡೆದುಹೋಗಿದೆ? ಫೋನ್ ಇಡಬೇಡ. ಹಾಗೇ ಮೇಲಿನ ಮನೆ ನರ್ಸಮ್ಮನ ಹತ್ರ ಹೋಗು."

ಗೊಣಗುತ್ತಲೇ ಮೆಟ್ಟಿಲು ಹತ್ತಿದ. ನರ್ಸಮ್ಮ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು.

"ಯಾವಾಗಿಂದ ಗಂಟಲು ಹೀಗಿದೆ?"

"ಯಾರಿಗೆ ಗೊತ್ತು? ನಾನು ಮಾತಾಡೋದಾದ್ರೂ ಯಾರ ಹತ್ರ? ಕಾಗದದ ಧೂಳು ಅಷ್ಟೇ. ಉಪ್ಪುನೀರು ಮುಕ್ಕಳಿಸ್ತಿದ್ದೀನಿ, ತಿಂಗಳ ಮೇಲಾಯ್ತು."

"ಬೀಡಿ?"

"ಅದು ಮದುವೆಗಿಂತ ಹಳೇ ಸಂಬಂಧ."

ನರ್ಸಮ್ಮ ನಗಲಿಲ್ಲ. "ಧೂಳೂ ಇರಬಹುದು. ಆದ್ರೆ ಶೀತಕ್ಕೆ ಕಟ್ಟಿದ ಗಂಟಲು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬಿಡುತ್ತೆ. ಮೂರು ವಾರ ದಾಟಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು. ಬೀಡಿ ಸೇದೋರಿಗೆ, ಕುಡಿಯೋರಿಗೆ ಅಪಾಯ ಇನ್ನೂ ಜಾಸ್ತಿ."

"ಹೋಗ್ಲಿ ಬಿಡಮ್ಮ. ನಂಗೇನಾದ್ರೂ ಆದ್ರೆ ಯಾರಿಗೆ ನಷ್ಟ?"

"ನಂಗೆ ನಷ್ಟ, ಅಣ್ಣ," ಎಂದಿತು ಕೈಯಲ್ಲಿದ್ದ ಫೋನು.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯದೆ ನರ್ಸಮ್ಮನ ಜೊತೆ ಆಸ್ಪತ್ರೆಗೆ ನಡೆದ.

ಧ್ವನಿಪೆಟ್ಟಿಗೆಯಲ್ಲಿ ಸಣ್ಣದೊಂದು ಗಂಟು ಸಿಕ್ಕಿತು. ಪರೀಕ್ಷೆಯಲ್ಲಿ ಕ್ಯಾನ್ಸರಿನ ಮೊದಲ ಹಂತ ಎಂದು ಬಂತು. ಬೇಗ ಬಂದದ್ದು ಒಳ್ಳೆಯದಾಯಿತು, ವಾಸಿ ಮಾಡಬಹುದು ಎಂದರು ಡಾಕ್ಟರು. ಆಪರೇಷನ್ ಆಯಿತು, ಬೀಡಿ ಬಿಟ್ಟದ್ದಾಯಿತು. ಕೆಲವು ದಿನ ಮಾತಾಡಕೂಡದು ಎಂದು ಹೇಳಿ ಕಳಿಸಿದರು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯನಿಗೆ ಆಗಲೇ ಮಾತಾಡುವ ಆಸೆ ಹುಟ್ಟಬೇಕೆ?

ಸಂಜೆ ತಂಗಿ ಫೋನು ಮಾಡಿದಳು. "ಕೇಳಿಸ್ತಿದ್ಯಾ ಅಣ್ಣ?" ಅವನು ಫೋನಿನ ಮೇಲೆ ಉಗುರಿನಿಂದ ಟಕ್ ಎಂದು ತಟ್ಟಿದ. ಯಾರು ಮಾತಾಡ್ತಿರೋದು ಎಂದು ಈ ಸಲ ಅವಳು ಕೇಳಲಿಲ್ಲ.

ಓದುವ ಅಕ್ಕ, ಅಣ್ಣ, ನಿಮ್ಮ ದನಿ ಮೂರು ವಾರ ದಾಟಿದರೂ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನುಂಗಲು ಕಷ್ಟವಾದರೆ, ಕೆಮ್ಮಿದಾಗ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಅಷ್ಟು ದಿನವೂ ಕಾಯಬೇಡಿ. ಉಸಿರಾಟಕ್ಕೆ ತೊಂದರೆಯಾದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ನಿಮ್ಮವರು ಯಾರಾದರೂ ಒಂಟಿಯಾಗಿದ್ದರೆ ಇವತ್ತೇ ಫೋನು ಮಾಡಿ, ಅವರ ದನಿ ಹೇಗಿದೆ ಎಂದು ಕಿವಿಗೊಟ್ಟು ಕೇಳಿ.