ಕುಡಿದಿಟ್ಟ ಬಾಟಲಿಗಳು

ಲಮೈ ಗಂಧದ ಚಕ್ಕೆಯಲ್ಲಿ ಮಾಡಿದ ಹೂಗಳನ್ನು ಒಂದೊಂದಾಗಿ ಕಡ್ಡಿಗೆ ಕಟ್ಟುತ್ತಿದ್ದಳು. ಚಿತೆಗೆ ಬೆಂಕಿ ಇಡುವ ಮುನ್ನ ಬಂದವರೆಲ್ಲ ಒಂದೊಂದು ಹೂವಿಡಬೇಕು. ತ್ರಂಗ್‌ನ ಬೌದ್ಧ ವಿಹಾರದ ಮಂಟಪದಲ್ಲಿ, ಪೆಟ್ಟಿಗೆಯೊಳಗೆ ಬುನ್ಮಾ ದೊಡ್ಡಮ್ಮ ಮಲಗಿದ್ದಳು. ಸಕ್ಕರೆ ಕಾಯಿಲೆ ಅವಳನ್ನು ನಿಧಾನವಾಗಿ ತಿಂದು ಮುಗಿಸಿತ್ತು.

ಪಕ್ಕದಲ್ಲಿ ದೊಡ್ಡಮ್ಮನ ಜೊತೆ ರಬ್ಬರ್ ಶೆಡ್ಡಿನಲ್ಲಿ ದುಡಿದ ಹೆಂಗಸರು ಕೂತಿದ್ದರು.

"ಬಾಟ್ಲಿ ದೆವ್ವ ಹೋಯ್ತು ಕಣ್ರೇ. ಇನ್ನು ಸೋಡಾ ಬಾಟ್ಲಿಗಳು ನೆಮ್ಮದಿಯಾಗಿ ನಿದ್ದೆ ಮಾಡ್ಬಹುದು," ಎಂದಳು ಸೋಮ್‌ಚಿತ್. ನಕ್ಕವರೇ ಕಣ್ಣೊರೆಸಿಕೊಂಡರು.

*

ರಬ್ಬರ್ ಹಾಲು ಹೆಪ್ಪಾಗಲು ಹಾಕುವ ಆಸಿಡ್ ದೊಡ್ಡ ಕ್ಯಾನಿನಲ್ಲಿ ಬರುತ್ತಿತ್ತು. ಎತ್ತಿ ಬಗ್ಗಿಸುವುದು ಕಷ್ಟವೆಂದು ಎಲ್ಲರೂ ಖಾಲಿ ಸೋಡಾ ಬಾಟಲಿಗೆ ಸುರಿದುಕೊಂಡು ತಮ್ಮ ತಮ್ಮ ತೊಟ್ಟಿಯ ಬಳಿ ಇಡುತ್ತಿದ್ದರು. ಬುನ್ಮಾಳೂ ಇಟ್ಟಿದ್ದಳು. ಹಾಲು ಹೊತ್ತು ಬೆವರಿ ಬಂದ ಅವಳ ಗಂಡ ನೀರೆಂದು ಅದನ್ನೇ ಗಂಟಲಿಗೆ ಸುರಿದುಕೊಂಡ.

ಅವನನ್ನು ಸುಟ್ಟು ಬಂದ ಮರುದಿನದಿಂದ ಇಪ್ಪತ್ತು ವರ್ಷ, ಶೆಡ್ಡಿನಲ್ಲಿ ಕಂಡ ಖಾಲಿ ಬಾಟಲಿಯನ್ನೆಲ್ಲ ಅವಳು ಸುತ್ತಿಗೆಯಿಂದ ಒಡೆದಳು. ಮೇಸ್ತ್ರಿ ಪ್ರಸೋಮ್ ಬೈದ, ಕೆಲಸದಿಂದ ತೆಗೆಯುತ್ತೇನೆಂದ. ಹಿಡಿಕೆಯಿರುವ, ಆಸಿಡ್ ಎಂದು ಬರೆದ ಸಣ್ಣ ಕ್ಯಾನು ತರಿಸಿ, ನಿಲ್ಲಿಸುತ್ತೇನೆ ಎಂದಳು ಅವಳು. ಕ್ಯಾನು ಬರಲಿಲ್ಲ, ಸುತ್ತಿಗೆ ನಿಲ್ಲಲಿಲ್ಲ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಲಮೈ ಕೆಲಸಕ್ಕೆ ಸೇರಿದ ದಿನ ಬುನ್ಮಾ ಅವಳಿಗೆ ಹೇಳಿದ್ದು ಇಷ್ಟೇ: "ಓದೋಕೆ ಬರ್ದಿದ್ರೂ ಪರ್ವಾಗಿಲ್ಲ. ಕುಡಿಯೋದರಲ್ಲಿ ಕುಡಿಯೋದನ್ನೇ ಇಡು."

*

ಹೂವಿಟ್ಟು ಚಿತಾಗಾರದ ಮೆಟ್ಟಿಲಿಳಿದವರಿಗೆಲ್ಲ ತಣ್ಣನೆಯ ಸೋಡಾ ಕೊಟ್ಟರು. ಕುಡಿದಿಟ್ಟ ಬಾಟಲಿಗಳನ್ನು ಪ್ರಸೋಮ್ ಗೋಣಿಚೀಲಕ್ಕೆ ತುಂಬತೊಡಗಿದ. ಯಾತಕ್ಕೆಂದು ಯಾರೋ ಕೇಳಿದರು.

"ನಾಳೆ ಆಸಿಡ್ ಬರತ್ತೆ. ಒಡೆಯೋರು ಇನ್ಯಾರಿದಾರೆ?"

ಹೆಂಗಸರು ತಲೆ ತಗ್ಗಿಸಿದರು. ನಾಲ್ಕು ಜನರೆದುರು ಬಾಯಿ ಬಿಡದ ಲಮೈ ಎದ್ದು ಹೋಗಿ ಚೀಲದ ಬಾಯಿ ಹಿಡಿದಳು. ಅವನು ಎಳೆದ. ಅವಳು ಬಿಡಲಿಲ್ಲ.

"ಬಿಡೇ ಹುಡುಗಿ. ನಾಳೆ ಕೆಲಸಕ್ಕೆ ಬರಲ್ವೇನು?"

"ಬರ್ತೀನಿ. ಬರೋದಿದೆ ಅಂತಾನೇ ಹಿಡ್ಕೊಂಡಿರೋದು."

ಅವನು ಕೈ ಸಡಿಲಿಸಿದ. ಲಮೈ ಚೀಲವನ್ನು ಮೆಟ್ಟಿಲ ಕಲ್ಲಿಗೆ ಕುಕ್ಕಿದಳು. ಒಳಗೆ ಗಾಜು ಪುಡಿಯಾದ ಸದ್ದಿಗೆ ಭಿಕ್ಷುಗಳೂ ತಿರುಗಿ ನೋಡಿದರು.

ಹೆಂಗಸರ ಕೈಯಲ್ಲಿ ಇನ್ನೂ ಬಾಟಲಿಗಳಿದ್ದವು. ಮೇಲೆ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಲಮೈ ಕೈಯನ್ನು ಸೋಮ್‌ಚಿತ್‌ಳತ್ತ ಚಾಚಿದಳು.

"ಅಕ್ಕಾ, ನಿಮ್ಮ ಬಾಟ್ಲಿ ನಂಗ್ ಕೊಡಿ."